ಸ್ವಲ್ಪ ನೋಡ್ಕೊಳ್ರಿ

ಅಪ್ಪಾಜಿಯವರ ಪಾದಗಳಿಗೆ ಹಣೆಯಿಟ್ಟು ನಮಸ್ಕರಿಸಿ, ನಿಮ್ಮ ಸಂಯು ಹೆದರಿಕೊಂಡೇ ಬರೆಯುವುದು,

ಒಂದೇ ಹೈದರಾಬಾದಿನೊಳಗೆ, ಬಾಲಾನಗರದ ಫ್ಯಾಕ್ಟರಿ ಕ್ವಾರ್ಟರ್ಸಿಗೂ ಲಿಂಗಂಪಲ್ಲಿಯ ಈ ಹಾಸ್ಟೆಲಿಗೂ ಎಷ್ಟು ದೂರ ಅಂತ ಇವಳು ಕಾಗದ ಬರೆಯುತ್ತಾಳೆ ಅಂತ ನಿಮಗೆ ಅನಿಸಬಹುದು. ಬಸ್ಸು ಹತ್ತಿದರೆ ಸಂಜೆ ಚಹಾದ ಹೊತ್ತಿಗೆ ನಿಮ್ಮೆದುರು ಕೂತಿರಬಹುದು, ಫೋನೂ ಕೈಯಲ್ಲೇ ಇದೆ. ಆದರೆ ಫೋನಿನಲ್ಲಿ ನೀವು "ಹೂಂ, ಹೇಳು" ಎಂದ ಕೂಡಲೇ ನನ್ನ ಕನ್ನಡ ಎಲ್ಲಿಗೋ ಓಡಿಹೋಗುತ್ತದೆ. ಬಾಯಿಗೆ ಇಂಗ್ಲಿಷ್ ಬರುತ್ತದೆ. ನಾನು ಇಂಗ್ಲಿಷಿನಲ್ಲಿ ಮಾತಾಡಿದರೆ ನಿಮ್ಮ ಮೇಲೆ ಜೋರು ಮಾಡುತ್ತಿದ್ದೇನೆ ಅಂತ ನಿಮಗೆ ಅನಿಸುತ್ತದೆ. ನಿನ್ನೆಯೂ ಹಾಗೇ ಆಯಿತು. ನಾನು "ಐ ಕಾಂಟ್ ಕಮ್" ಅಂದೆ, ನೀವು ಫೋನ್ ಇಟ್ಟಿರಿ. ಆ ಮಾತಿನ ಅರ್ಥ ಬರಲಿಕ್ಕೆ ಆಗುವುದಿಲ್ಲ ಅಂತ. ನಾನು ಹೇಳಬೇಕಾಗಿದ್ದದ್ದು ಬರುವುದಿಲ್ಲ ಅಂತ.

ಭಾನುವಾರ ಅಮರಯ್ಯ ಸರ್ ಮನೆಯ ಊಟಕ್ಕೆ ನಾನು ಬರುವುದಿಲ್ಲ, ಅಪ್ಪಾಜಿ.

ಈ ಸಾಲು ಬರೆದು ಪೆನ್ನು ಕೆಳಗಿಟ್ಟು, ಎದ್ದುಹೋಗಿ ನೀರು ಕುಡಿದು ಬಂದೆ. ನೀವು ಮಾತು ಕೊಟ್ಟಿದ್ದೀರಿ, ನನಗೆ ಗೊತ್ತು. ಕೊಟ್ಟ ಮಾತಿಗೆ ನೀವು ಎಂದೂ ತಪ್ಪಿದವರಲ್ಲ, ಅದೂ ಗೊತ್ತು. ಅದಕ್ಕೇ ಇಷ್ಟು ಭಯ. ಪೂರ್ತಿ ಓದಿ. ಪುಟಗಳ ಫೋಟೋ ತೆಗೆದು ನಿಮ್ಮ ಫೋನಿಗೆ ಕಳಿಸುತ್ತೇನೆ, ಬೆರಳಿನಿಂದ ದೊಡ್ಡದು ಮಾಡಿಕೊಂಡು ಓದಿ. ಒತ್ತಕ್ಷರ ತಪ್ಪಿದ್ದರೆ ಬೈಯಬೇಡಿ. ಐದನೇ ಇಯತ್ತೆಗೇ ಕಲಬುರಗಿಯ ಇಂಗ್ಲಿಷ್ ಹಾಸ್ಟೆಲಿಗೆ ಹಾಕಿದವರು ನೀವು.

ಆ ಹಾಸ್ಟೆಲಿನ ಭಾನುವಾರದ ಫೋನು ನೆನಪಿದೆಯೇ? ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಿದ್ದರು. ಅವ್ವ "ಉಂಡೀ? ಎಣ್ಣಿ ಹಚ್ಕೊಂಡೀ?" ಎಂದು ಕೇಳಿ ಫೋನನ್ನು ನಿಮ್ಮ ಕೈಗೆ ಕೊಡುತ್ತಿದ್ದಳು. ನಿಮಗೂ ನನಗೂ ಮಾತೇ ಇರುತ್ತಿರಲಿಲ್ಲ. ಅತ್ತುಬಿಟ್ಟರೆ ಎಂದು ನನಗೆ ಹೆದರಿಕೆ, ನಾನು ಅತ್ತರೆ ಏನು ಹೇಳುವುದು ಎಂದು ನಿಮಗೆ. ಆಗ ನೀವು ಪಂದ್ಯ ಹೇಳಲು ಶುರು ಮಾಡುತ್ತಿದ್ದಿರಿ. ಹಿಂದಿನ ರಾತ್ರಿ ಟಿವಿಯಲ್ಲಿ ನೋಡಿದ ಕಬಡ್ಡಿ. ಯಾರು ರೇಡಿಗೆ ಹೋದ, ಯಾರು ಕಾಲು ಹಿಡಿದ, ರೆಫರಿ ಎಲ್ಲಿ ಎಡವಿದ. "ಕೇಳಾಕತ್ತೀಯಿಲ್ಲೋ?" ಎಂದು ನಡುನಡುವೆ ಕೇಳುತ್ತಿದ್ದಿರಿ. ನಾನು ಕಣ್ಣು ಮುಚ್ಚಿ ಗೆರೆಗಳನ್ನೆಲ್ಲ ಕಾಣುತ್ತಿದ್ದೆ. ಬೇರೆ ಹುಡುಗಿಯರು ಫೋನಿಟ್ಟು ಅಳುತ್ತಾ ಹೋಗುತ್ತಿದ್ದರು. ನಾನು ಸ್ಕೋರು ಹೇಳಿಕೊಳ್ಳುತ್ತಾ ಹೋಗುತ್ತಿದ್ದೆ. ನಾನು ಈ ಕೆಲಸಕ್ಕೆ ಬಂದದ್ದು ಎಲ್ಲಿಂದ ಎಂದು ಯಾರಾದರೂ ಕೇಳಿದರೆ ಕಾಲೇಜಿನ ಹೆಸರು ಹೇಳುತ್ತೇನೆ. ಅದು ಸುಳ್ಳು. ಆ ಫೋನಿನಿಂದ ಬಂದದ್ದು.

ಪತ್ರಿಕೋದ್ಯಮ ಓದಲು ಸೇರಿ ಒಂದು ವರ್ಷವೂ ತುಂಬದಿರುವಾಗ ರಶ್ಮಿ ಮೇಡಂ ತಮ್ಮ ನ್ಯೂಸ್ ಚಾನೆಲ್ಲಿಗೆ ನನ್ನನ್ನು ಕಲಿಯಲು ತೆಗೆದುಕೊಂಡರು. ಫೋನಿನಲ್ಲೇ ನೋಡುವಂಥ ಸಣ್ಣ ಚಾನೆಲ್ಲು. ಅದರ ಆಟದ ಸುದ್ದಿಯೆಲ್ಲ ಅವರೊಬ್ಬರೇ ನಡೆಸುವವರು. ಕಬಡ್ಡಿ ಲೀಗ್ ಶುರುವಾದಾಗ ಹೈದರಾಬಾದಿನ ತಂಡ ಮೂಸಿ ರೇಡರ್ಸ್ ಪಂದ್ಯಗಳಿಗೆ ನನ್ನ ಹೆಸರಿನಲ್ಲೇ ಪಾಸ್ ಮಾಡಿಸಿದರು. ನಿಮಗೆ ಎಷ್ಟು ಸಂತೋಷವಾಗಿತ್ತು! ಆ ತಂಡದ ಕೋಚ್ ಬೇರೆ ಯಾರೂ ಅಲ್ಲ, ನಿಮ್ಮ ಫ್ಯಾಕ್ಟರಿ ತಂಡದ ಹಳೆಯ ಕ್ಯಾಪ್ಟನ್ ಅಮರಯ್ಯ. ಕಾಲೊನಿಯವರಿಗೆಲ್ಲ ಹೇಳಿಕೊಂಡು ಬಂದಿರಿ. ಅಮರಯ್ಯ ಸರ್ ಅವರಿಗೂ ಒಂದು ಫೋನ್ ಮಾಡಿದಿರಿ. ಆ ಫೋನಿನ ವಿಷಯ ನನಗೆ ಆಮೇಲೆ ಗೊತ್ತಾಯಿತು.

ಕಳೆದ ಶನಿವಾರ ಆದದ್ದನ್ನು ನೀವು ಕ್ಲಿಪ್ಪಿನಲ್ಲಿ ನೋಡಿದ್ದೀರಿ. ಅದರ ಹಿಂದಿನದನ್ನು ನಾನು ಹೇಳುತ್ತೇನೆ, ನೀವು ನನಗೆ ಹೇಳುತ್ತಿದ್ದ ಹಾಗೆ.

ಎರಡನೇ ಅರ್ಧ. ನಮ್ಮ ರೇಡರ್ ತರುಣ, ಪಟಾನ್‌ಚೆರು ಕಡೆಯ ಹುಡುಗ, ಒಳಗೆ ಹೋದ. ಅವನ ಅಪ್ಪ ಅಲ್ಲೇ ಔಷಧ ಫ್ಯಾಕ್ಟರಿಗೆ ಬಸ್ಸಿನಲ್ಲಿ ಹೋಗಿಬರುವವರು. ಎದುರಾಳಿಗಳು ಅವನ ಸೊಂಟ ಹಿಡಿದು ಕೆಡವಿದಾಗ ಯಾರದೋ ಮೊಣಕಾಲು ಅವನ ಕಿವಿಯ ಹಿಂದೆ ಬಡಿಯಿತು. ಆ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಅವನು ಸ್ವಲ್ಪ ಹೊತ್ತು ಮಲಗಿದ್ದು ಎದ್ದ. ಎದ್ದವನು ನಮ್ಮ ಬೆಂಚಿಗೆ ಬರಲಿಲ್ಲ, ನೇರವಾಗಿ ಎದುರಾಳಿಗಳ ಬೆಂಚಿಗೆ ನಡೆದುಹೋಗಿ ಕೂರಲು ಹೋದ. ಆ ತಂಡದವನೊಬ್ಬ ಅವನ ಭುಜ ಹಿಡಿದು ತಿರುಗಿಸಿ ಕಳಿಸಿದ. ಜನ ನಕ್ಕರು. ಟಿವಿಯವರು ಆಗ ಜಾಹೀರಾತು ಹಾಕಿದ್ದರಂತೆ, ನೀವು ಕಂಡಿರಲಿಕ್ಕಿಲ್ಲ. ಯಾರೋ ತಲೆಗೆ ನೀರು ಹಾಕಿದರು. ತಂಡದ ಡಾಕ್ಟರು ಕುರ್ಚಿ ಬಿಟ್ಟು ಏಳಲಿಲ್ಲ. ನಾನು ಅವರನ್ನೇ ನೋಡುತ್ತಿದ್ದೆ ಅಪ್ಪಾಜಿ, ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಅಮರಯ್ಯ ಸರ್ ತರುಣನ ಬೆನ್ನು ತಟ್ಟಿ ಮತ್ತೆ ರೇಡಿಗೆ ಕಳಿಸಿದರು. ಅವನು ಪಾಯಿಂಟ್ ತಂದ. ನಾವು ಗೆದ್ದೆವು.

ಪಂದ್ಯ ಮುಗಿದ ಮೇಲೆ ಪ್ರೆಸ್ ಮೀಟ್. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದುಕೊಂಡು ಲೇಡೀಸ್ ಟಾಯ್ಲೆಟ್ಟಿನ ಕನ್ನಡಿ ಮುಂದೆ ಹೇಳಿ ಹೇಳಿ ನೋಡಿಕೊಂಡಿದ್ದೆ. ಅಮರಯ್ಯ ಸರ್ ಗಂಡಸು ವರದಿಗಾರರಿಗೆಲ್ಲ "ಬೋಲಿಯೇ ಸಾಬ್" "ಚೆಪ್ಪಂಡಿ ಸಾರ್" ಎಂದು ಮರ್ಯಾದೆಯಿಂದ ಹೇಳಿ ಹೇಳಿ ಎನ್ನುತ್ತಿದ್ದರು. ಮೈಕು ನನ್ನ ಕೈಗೆ ಬಂತು. ನಾನು ಹೆಸರು ಹೇಳಿದ್ದೇ ತಡ, ಅವರ ಮುಖ ಅರಳಿತು.

"ಏ, ನೀ ನಮ್ಮ ಮಲ್ಲಿಕಾರ್ಜುನನ ಮಗಳಲ್ಲೇನವಾ? ಬಾ ಬಾ. ಏನ್ ಕೇಳ್ತಿ ಕೇಳು."

ನನ್ನ ಎದೆಯ ಭಾರ ಅರ್ಧ ಇಳಿದುಹೋಯಿತು. ಅಷ್ಟು ಜನರ ನಡುವೆ, ಅಷ್ಟು ಲೈಟುಗಳ ಕೆಳಗೆ, ನಮ್ಮ ಮಾತು! ಬರೆದುಕೊಂಡಿದ್ದ ಇಂಗ್ಲಿಷ್ ಬಿಟ್ಟುಬಿಟ್ಟೆ. ಮನೆಯಲ್ಲಿ ಮಾತಾಡುವ ಹಾಗೆಯೇ ಕೇಳಿದೆ.

"ಸರ್, ತರುಣ ಅವರ ತಲಿಗೆ ಪೆಟ್ಟು ಬಿದ್ದ ಮ್ಯಾಲೆ ಡಾಕ್ಟರ್ ನೋಡಿದ್ರೇನ್ರಿ? ಅವರು ಎದುರಿನವರ ಬೆಂಚಿಗೆ ಹೋಗಿದ್ರು. ಆಮ್ಯಾಲೂ ರೇಡಿಗೆ ಯಾಕ ಕಳಿಸಿದ್ರಿ?"

ಅವರು ನಕ್ಕರು. "ಅವನ ತಲಿ ಚಿಂತಿ ನಿನಗ್ಯಾಕ ಹತ್ತಿತವಾ? ಹುಡುಗ ಚಂದ ಅದಾನಂತ? ತಡಿ, ನಿಮ್ಮಪ್ಪಗ ಫೋನ್ ಹಚ್ಚಿ ಹೇಳ್ತೀನಿ, ಮಗಳು ವರ ನೋಡ್ಕೊಂಡಾಳ ಅಂತ." ಆಮೇಲೆ ಉಳಿದವರ ಕಡೆ ತಿರುಗಿ ಹಿಂದಿಯಲ್ಲಿ, "ಬಚ್ಚೀ ಕೂ ತರುಣ್ ಕೀ ಫಿಕರ್ ಹೋ ರಹೀ," ಅಂದರು, ಕೂಸಿಗೆ ತರುಣನ ಚಿಂತೆ ಹತ್ತಿದೆ ಅಂತ. ಇಡೀ ಕೋಣೆ ನಕ್ಕಿತು. ನನ್ನ ಬಾಯಿಯೂ ತಾನಾಗಿ ಅಗಲವಾಯಿತು. ಕ್ಲಿಪ್ಪಿನಲ್ಲಿ ಅದು ನಾಚಿಕೆಯ ಹಾಗೆ ಕಾಣುತ್ತದೆ. ನಾಚಿಕೆಯಲ್ಲ ಅದು, ಹೆದರಿಕೆ. ಹೆದರಿದಾಗ ನನ್ನ ಮುಖ ಹಾಗೆ ಆಗುತ್ತದೆ, ಅವ್ವನಿಗೆ ಗೊತ್ತು.

ಮೈಕು ನನ್ನ ಪಕ್ಕದ ಹಿರಿಯ ವರದಿಗಾರರಿಗೆ ಹೋಯಿತು. "ತರುಣ್ ಫಿಟ್ ಹೈ ಕ್ಯಾ?" ಎಂದು ಅವರು ಕೇಳಿದರು. ಅಮರಯ್ಯ ಸರ್ ನಗು ನಿಲ್ಲಿಸಿ, ಮುಂದಕ್ಕೆ ಬಾಗಿ, "ಹೌ ಸಾಬ್, ಡಾಕ್ಟರ್ ಚೆಕ್ ಕರೇ, ಅಗ್ಲಾ ಮ್ಯಾಚ್ ಖೇಲೇಗಾ" ಎಂದರು, ಡಾಕ್ಟರು ನೋಡಿದ್ದಾರೆ, ಮುಂದಿನ ಪಂದ್ಯ ಆಡುತ್ತಾನೆ ಅಂತ. ಎಲ್ಲರೂ ಬರೆದುಕೊಂಡರು. ಯಾವ ಡಾಕ್ಟರು, ಯಾವಾಗ ನೋಡಿದರು ಎಂದು ಯಾರೂ ಕೇಳಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ತರುಣ ಗೋಡೆಗೆ ಒರಗಿ ನಿಂತಿದ್ದ. ಬ್ಯಾಗು ಹೊರುವವರನ್ನು "ಬಸ್ಸು ಎಲ್ಲಿ?" ಎಂದು ತೆಲುಗಿನಲ್ಲಿ ಕೇಳಿದ. ಅವರು ತೋರಿಸಿದರು. ತಲೆಯಾಡಿಸಿದ. ಮತ್ತೆ ಅವರನ್ನೇ ಕೇಳಿದ, ಬಸ್ಸು ಎಲ್ಲಿ ಅಂತ. ಅಮರಯ್ಯ ಸರ್ ಬಂದಾಗ ನಾನು ಮತ್ತೆ ಆ ಮಾತು ಎತ್ತಿದೆ. ಅವರು ನನ್ನ ತಲೆಯ ಮೇಲೆ ಕೈ ಇಟ್ಟರು.

"ನಿಮ್ಮಪ್ಪ ಫೋನ್ ಮಾಡಿದ್ದ. ನಮ್ಮ ಹುಡುಗಿ ಬರಾಕತ್ತಾಳ, ಸ್ವಲ್ಪ ನೋಡ್ಕೊಳ್ರಿ ಅಂದಾನ. ನಾ ನೋಡ್ಕೋತೀನಿ. ನೀ ಈ ತಲಿ-ಗಿಲಿ ಎಲ್ಲಾ ಬರಿಯಾಕ ಹೋಗಬ್ಯಾಡ. ಆಟಗಾರ್ರು ಏನ್ ಉಣ್ತಾರ, ಯಾವ ಹಾಡು ಕೇಳ್ತಾರ, ಅಂಥಾದ್ದು ಕೇಳು. ನಾನ ಹೇಳಸ್ತೀನಿ."

ಅಂದು ಹಾಸ್ಟೆಲಿಗೆ ಬಂದು ಮುಟ್ಟುವ ಮೊದಲೇ ಕ್ಲಿಪ್ಪು ಊರೆಲ್ಲ ಸುತ್ತುತ್ತಿತ್ತು. ಯಾರೋ ಅದಕ್ಕೆ ಹಾರುವ ಹೃದಯಗಳನ್ನು ಅಂಟಿಸಿ, ಹಿಂದೆ ಮದುವೆಯ ವಾಲಗ ಹಾಕಿದ್ದರು. ಈಗ ತಂಡದ ಅಭಿಮಾನಿಗಳಿಗೆಲ್ಲ ನಾನು "ವದಿನಾ". ಅತ್ತಿಗೆ! ತರುಣ ಅಣ್ಣನಾದರೆ ನಾನು ಅತ್ತಿಗೆ. ಕ್ಯಾಂಟೀನಿನಲ್ಲಿ ನನಗಿಂತ ದೊಡ್ಡ ಹುಡುಗರು "ವದಿನಾ, ಅನ್ನಯ್ಯ ಭೋಜನಂ ಚೇಶಾಡಾ?" ಎನ್ನುತ್ತಾರೆ, ಅಣ್ಣ ಊಟ ಮಾಡಿದನೇ ಅಂತ. ಇವೆಲ್ಲ ಮೆತ್ತಗಿನವು. ಆಟ ನೋಡಲಿಕ್ಕಲ್ಲ, ತೊಡೆ ನೋಡಲಿಕ್ಕೆ ಬರುತ್ತಾಳೆ ಎಂದು ಬರೆದವರಿದ್ದಾರೆ. ಅದಕ್ಕಿಂತ ಕೆಟ್ಟದ್ದನ್ನು ನಿಮಗೆ ಬರೆಯಲಾರೆ. ನನ್ನ ಪಕ್ಕ ಕೂತಿದ್ದವರೂ ಅದೇ ಆಟ ನೋಡಿದರು, ಅದೇ ಹುಡುಗನ ಬಗ್ಗೆ ಕೇಳಿದರು. ಅವರು ಯಾಕೆ ಬಂದರು ಎಂದು ಯಾರಿಗೂ ಅನುಮಾನ ಬರಲಿಲ್ಲ.

ಆ ರಾತ್ರಿ ನೀವು ಕಳಿಸಿದ ವಾಯ್ಸ್ ಮೆಸೇಜನ್ನು ಎಷ್ಟು ಸಲ ಕೇಳಿದೆನೋ. "ಅಮರಯ್ಯ ಇನ್ನೂ ಹಂಗ ಅದಾನ ನೋಡು! ಎಷ್ಟ್ ಪ್ರೀತಿಲೆ ಮಾತಾಡ್ಸ್ಯಾನ, ಮನಿ ಮಗಳಂಗ." ನಿಮ್ಮ ದನಿಯಲ್ಲಿ ಎಷ್ಟು ಹಿಗ್ಗಿತ್ತು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಆದರೆ ನಿಮ್ಮ ತಪ್ಪಲ್ಲ ಅನಿಸಿತು. ನಾವು ಹೊರಗೆಲ್ಲ ತೆಲುಗು, ಹಿಂದಿ ಆಡಿ ಮನೆಯ ಬಾಗಿಲು ಹಾಕಿದ ಮೇಲೆ ಕನ್ನಡ ಆಡುವವರು. ಈ ಊರಿನಲ್ಲಿ ಎಲ್ಲಾದರೂ "ಏನವಾ" ಎಂದು ಕೇಳಿಸಿದರೆ, ಚಪ್ಪಲಿ ಬಿಚ್ಚಿ ಒಳಗೆ ಬಂದ ಹಾಗಾಗುತ್ತದೆ. ಆ ಮಾತಿನಲ್ಲಿ ಯಾರಾದರೂ ನಮ್ಮನ್ನು ಸಣ್ಣವರನ್ನಾಗಿ ಮಾಡಬಹುದು ಎಂದು ಹೊಳೆಯುವುದೇ ಇಲ್ಲ. ನನಗೂ ಹೊಳೆಯಲಿಲ್ಲ. ಅದಕ್ಕೇ ಅಲ್ಲವೇ, ಕೈಯಲ್ಲಿದ್ದ ಇಂಗ್ಲಿಷ್ ಬಿಟ್ಟು ಅವರ ಹಿಂದೆ ಹೋದದ್ದು? ಅವರು ನನ್ನನ್ನು ಬೈಯಲಿಲ್ಲ, ಹೊರಗೆ ಹಾಕಲಿಲ್ಲ. ಪ್ರೀತಿಯಿಂದ ಮನೆಯೊಳಗೆ ಕರೆದುಕೊಂಡರು. ಮನೆಯೊಳಗೆ ಬಂದ ಹುಡುಗಿ ಪ್ರಶ್ನೆ ಕೇಳುವುದಿಲ್ಲ, ನೀರು ತಂದುಕೊಡುತ್ತಾಳೆ.

ಎರಡು ದಿನದಲ್ಲಿ ಆ "ವದಿನಾ" ನಿಮ್ಮ ಕಾಲೊನಿಯ ಗ್ರೂಪಿಗೂ ಬಂತು. ನೀವು ಸಂಜೆಯ ವಾಕಿಂಗ್ ಬಿಟ್ಟಿರಿ. ಅವ್ವ ಫೋನ್ ಮಾಡಿ ದನಿ ಸಣ್ಣ ಮಾಡಿಕೊಂಡು, "ಅವರು ಹೊಟ್ಟಿತುಂಬ ಉಣ್ಣವಲ್ರು ಸಂಯು. ಹೋಗಿ ಬಂದ್ಬಿಡು. ಒಂದ್ ಫೋಟೋ ತಗಿಸ್ಕೊಂಡ್ರ ಮುಗೀತಲ್ಲ" ಎಂದಳು. ನೀವು ಅಮರಯ್ಯ ಸರ್ ಜೊತೆ ಎಲ್ಲ ಮಾತಾಡಿ ಮುಗಿಸಿದ್ದಿರಿ. ಭಾನುವಾರ ಅವರ ಮನೆಯಲ್ಲಿ ರೊಟ್ಟಿ ಊಟ. ನಾನು ಅವರ ಕಾಲಿಗೆ ನಮಸ್ಕಾರ ಮಾಡಬೇಕು. ಆಮೇಲೆ ಒಂದು ಸಣ್ಣ ವಿಡಿಯೋ. ನಾನು "ಮಾಮಾ, ಅವತ್ತು ತಿಳೀದ ಕೇಳಿದೆ" ಎನ್ನುವುದು, ಅವರು "ಇರ್ಲಿ ಬಿಡವಾ" ಎಂದು ನಗುವುದು. ತಂಡದವರು ಅದನ್ನು ಹಾಕಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಬಾಯಿಗಳು ಮುಚ್ಚುತ್ತವೆ, ನನ್ನದೂ ಸೇರಿ.

ನೋಡ್ಕೊಳ್ರಿ ಎನ್ನುವ ಮಾತಿನ ಬಗ್ಗೆ ನಾನು ಈ ವಾರವೆಲ್ಲ ಯೋಚನೆ ಮಾಡಿದೆ. ಪಾಠ ಕೇಳುವಾಗಲೂ ಅದೇ. ಮಗುವನ್ನು ನೋಡಿಕೊಳ್ಳುತ್ತಾರೆ, ರೋಗಿಯನ್ನು ನೋಡಿಕೊಳ್ಳುತ್ತಾರೆ. ನೀವು ಅಂದದ್ದು ಆ ಅರ್ಥದಲ್ಲಿ. ಜಗಳದಲ್ಲಿ ತೋಳೇರಿಸಿ "ಇವನ್ನ ನಾ ನೋಡ್ಕೋತೀನಿ" ಎಂದರೂ ಅದೇ ಮಾತು. ಅಮರಯ್ಯ ಸರ್ ನನ್ನ ತಲೆ ಮುಟ್ಟಿ ಅಂದಾಗ ಅದು ಯಾವುದಾಗಿತ್ತು? ಅವರಿಗೂ ಗೊತ್ತಿರಲಿಕ್ಕಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದರು. ಬೇರೆ ವರದಿಗಾರರ ಅಪ್ಪಂದಿರು ಯಾರೂ ಅವರಿಗೆ ಫೋನ್ ಮಾಡಿರಲಿಲ್ಲ. ಅವರನ್ನು ನೋಡಿಕೊಳ್ಳುವ ಜವಾಬ್ದಾರಿ ಇರಲಿಲ್ಲ, ಉತ್ತರ ಕೊಟ್ಟರೆ ಸಾಕಾಗಿತ್ತು.

ಇನ್ನೊಂದು ಮಾತು. ಬರೆಯಲೋ ಬೇಡವೋ ಎಂದು ಕೂತಿದ್ದೆ. ಹಾಸ್ಟೆಲಿನ ಫೋನಿನಲ್ಲಿ ನೀವು ಒಮ್ಮೆ ನಿಮ್ಮದೇ ಪಂದ್ಯ ಹೇಳಿದ್ದಿರಿ. ಫ್ಯಾಕ್ಟರಿಗಳ ಟೂರ್ನಮೆಂಟಿನ ಫೈನಲ್. ನಿಮ್ಮ ಹಣೆ ಯಾರದೋ ತಲೆಗೆ ಬಡಿದದ್ದು, ಕ್ಯಾಪ್ಟನ್ ಅಮರಯ್ಯ ನೀರು ಚಿಮುಕಿಸಿ "ಹೋಗಲೇ, ಏನಾಗೇತಿ ನಿನಗ" ಎಂದು ಮತ್ತೆ ಕಳಿಸಿದ್ದು. "ಎರಡೆರಡು ಗೆರಿ ಕಾಣಾಕತ್ತಿದ್ವು ಸಂಯು! ಯಾವ್ದು ಖರೇ, ಯಾವ್ದು ಸುಳ್ಳು ತಿಳೀಲಿಲ್ಲ. ಎರಡೂ ದಾಟಿಬಿಟ್ಟೆ!" ನಾನು ಎಷ್ಟು ನಕ್ಕಿದ್ದೆನೆಂದರೆ ವಾರ್ಡನ್ ಗದರಿಸಿದ್ದರು. ಈಗ ನಗು ಬರುತ್ತಿಲ್ಲ. ನೀವು ಬಿಸಿಲಿಗೆ ಹೋಗಿಬಂದರೆ ಹಣೆಗೆ ಬಾಮು ಹಚ್ಚಿಕೊಂಡು ಕತ್ತಲೆ ಕೋಣೆಯಲ್ಲಿ ಮಲಗುತ್ತೀರಲ್ಲ, ಅದಕ್ಕೂ ಆ ಫೈನಲ್ಲಿಗೂ ಸಂಬಂಧ ಇದೆ ಎಂದು ನಾನು ಹೇಳುತ್ತಿಲ್ಲ. ನನಗೆ ಗೊತ್ತಿಲ್ಲ, ನಾನೇನು ಡಾಕ್ಟರೇ? ಆದರೆ ಆ ದಿನ ಮೈದಾನದಲ್ಲಿ ಯಾರಾದರೂ ಒಬ್ಬರು ಕೇಳಬೇಕಿತ್ತು. ಅವ್ವ ಶಾಮಿಯಾನದ ಕೆಳಗೆ ಹೆಂಗಸರ ಜೊತೆ ಕೂತಿದ್ದಳಂತೆ. ಅವಳು ಎದ್ದು ಬಂದು ಕೇಳಿದ್ದರೆ "ಹೋಗವಾ, ಆಟದಾಗ ನಿಮಗೇನ್ ತಿಳೀತದ" ಎಂದು ಕೂರಿಸಿರುತ್ತಿದ್ದರು. ನೀವೂ ನಗುತ್ತಿದ್ದಿರಿ.

ತರುಣನ ಹೆಸರು ಈ ಶನಿವಾರದ ಆಡುವವರ ಪಟ್ಟಿಯಲ್ಲಿದೆ.

ತಂಡದ ಕಡೆಯವರು ರಶ್ಮಿ ಮೇಡಂಗೆ ಫೋನ್ ಮಾಡಿ, "ಮುಂದಿನ ಸಲ ಹುಡುಗರನ್ನು ಯಾರನ್ನಾದರೂ ಕಳಿಸಿ ಮೇಡಂ, ಆ ಹುಡುಗಿಗೂ ಕಷ್ಟ, ನಮಗೂ" ಎಂದರಂತೆ. ನಾನು ಒಳಗೊಳಗೇ, ಮೇಡಂ ಹೂಂ ಅನ್ನಲಿ ಅಂತ ಬೇಡಿಕೊಂಡೆ. ಖರೇ ಹೇಳುತ್ತಿದ್ದೇನೆ. ಬೇರೆಯವರು ಹೋದರೆ ನಾನು ಜ್ವರ ಬಂದವಳ ಹಾಗೆ ಹೊದ್ದು ಮಲಗಬಹುದಿತ್ತು. ಅವರು ಪಾಸಿನ ಮೇಲೆ ನನ್ನ ಹೆಸರೇ ಉಳಿಸಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಒಂದು ಟೂರ್ನಮೆಂಟಿಗೆ ಹೋದಾಗ, ಆಯೋಜಕರು ಅವರ ಕೈಗೆ ಹೂಗುಚ್ಛಗಳ ತಟ್ಟೆ ಕೊಟ್ಟು ವೇದಿಕೆಯ ಪಕ್ಕ ನಿಲ್ಲಿಸಿದ್ದರಂತೆ, ಬಹುಮಾನ ಕೊಡಲು ಬಂದ ಹುಡುಗಿ ಎಂದುಕೊಂಡು. "ಆಮೇಲೆ?" ಎಂದೆ. "ಆಮೇಲೇನು, ಗೆದ್ದವನಿಗೆ ಹೂ ಕೊಟ್ಟು ಅಲ್ಲೇ ಮೊದಲ ಪ್ರಶ್ನೆ ಕೇಳಿದೆ. ಬೇರೆಯವರೆಲ್ಲ ದೂರ ಇದ್ದರು" ಎಂದು ನಕ್ಕರು. ನನಗೆ ಅಷ್ಟು ಧೈರ್ಯ ಇಲ್ಲ ಮೇಡಂ ಎಂದದ್ದಕ್ಕೆ ತಮ್ಮ ಹೈದರಾಬಾದಿ ಹಿಂದಿಯಲ್ಲಿ ಹೇಳಿದರು: "ಸವಾಲ್ ಕೂ ಹಿಮ್ಮತ್ ನಕ್ಕೋ ಅಮ್ಮಾ, ಮೈಕ್ ಹೋನಾ. ಬಸ್." ಪ್ರಶ್ನೆಗೆ ಧೈರ್ಯ ಬೇಡ, ಮೈಕು ಬೇಕು, ಅಷ್ಟೇ.

ಮೈಕು ಸಿಗದಿದ್ದರೆ? ಅದೇ ನನ್ನ ಚಿಂತೆ. ಕೈ ಎತ್ತಿದವಳನ್ನು ಕಾಣದವರ ಹಾಗೆ ದಾಟಿಹೋದರೆ? ಸಿಕ್ಕಮೇಲೆ ದನಿ ನಡುಗಿದರೆ? ಹಿಂದಿನಿಂದ ಯಾರಾದರೂ ವದಿನಾ ಎಂದು ಕೂಗಿದರೆ? ತರುಣನೇ ನನ್ನನ್ನು ದ್ವೇಷಿಸಿದರೆ? ಅವನ ಜಾಗ ನನ್ನಿಂದ ಹೋಯಿತು ಎಂದು ಅವನ ಮನೆಯವರು ಶಪಿಸಿದರೆ? ಅವನಿಗೆ ನಿಜವಾಗಿಯೂ ಏನೂ ಆಗಿರದಿದ್ದರೆ, ನಾನೇ ಇಲ್ಲದ್ದನ್ನು ಕಲ್ಪಿಸಿಕೊಂಡಿದ್ದರೆ? ಎಲ್ಲಕ್ಕಿಂತ ಹೆಚ್ಚಾಗಿ, ನೀವು ಮಾತು ಬಿಟ್ಟರೆ? ನೀವು ಬೈದರೆ ತಡೆದುಕೊಳ್ಳುತ್ತೇನೆ. ಫೋನಿನಲ್ಲಿ ಪಂದ್ಯವನ್ನೂ ಹೇಳದೆ ಸುಮ್ಮನಿದ್ದರೆ ಏನು ಮಾಡಲಿ?

ಆದರೂ ಹೋಗುತ್ತೇನೆ. ಅದೇ ಪ್ರಶ್ನೆ ಕೇಳುತ್ತೇನೆ. ಯಾವ ಡಾಕ್ಟರು, ಯಾವಾಗ ನೋಡಿದರು. ಮೊದಲು ಕನ್ನಡದಲ್ಲಿಯೇ, ರೀ ಹಚ್ಚಿಯೇ ಕೇಳುತ್ತೇನೆ. ಅವರು ನಿಮ್ಮ ಗೆಳೆಯರು, ಮರ್ಯಾದೆ ತಪ್ಪುವುದಿಲ್ಲ. ಆಮೇಲೆ ಮೈಕು ಬಿಡದೆ ಅದನ್ನೇ ಹಿಂದಿಯಲ್ಲಿ, ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತೇನೆ. ನನ್ನ ಪ್ರಶ್ನೆಯನ್ನು ಕೋಣೆಗೆ ತಿಳಿಸಿ ಹೇಳುವ ಕೆಲಸ ಈ ಸಲ ಅವರಿಗೆ ಬಿಡುವುದಿಲ್ಲ. ನೀವು ದುಡ್ಡು ಸುರಿದು ಕಲಿಸಿದ ಇಂಗ್ಲಿಷ್ ಅಷ್ಟಕ್ಕಾದರೂ ಬರಲಿ.

ಶನಿವಾರ ನಾನು ಕೇಳಿದರೆ ಭಾನುವಾರದ ಊಟ ನಿಮಗೆ ಕಷ್ಟವಾಗುತ್ತದೆ. ಅದಕ್ಕೇ ಮೊದಲೇ ತಿಳಿಸುತ್ತಿದ್ದೇನೆ. ಹೋಗಬೇಡಿ ಎಂದು ನಾನು ಹೇಳಲಾರೆ. ಅವರು ನನಗಿಂತ ಹಳೆಯ ನಂಟು. ಅವ್ವನನ್ನು ಕರೆದುಕೊಂಡು ಹೋಗಿ, ಹೊಟ್ಟೆತುಂಬ ಉಣ್ಣಿ. ನನ್ನನ್ನು ಬೈದರೆ ಬೈಯಲಿ, ನೀವೂ ಬೇಕಾದರೆ ಜೊತೆಗೆ ಬೈಯಿರಿ. "ಸಣ್ಣಾಕಿ, ತಿಳೀದ ಕೇಳ್ಯಾಳ, ಬಿಟ್ಟುಬಿಡ್ರಿ" ಎಂದು ಮಾತ್ರ ಅನ್ನಬೇಡಿ ಅಪ್ಪಾಜಿ. ತಿಳಿದೇ ಕೇಳಿದ್ದೇನೆ. ನೀವೇ ತಿಳಿಸಿಕೊಟ್ಟ ಆಟ ಅದು.

ಆ ಹುಡುಗನ ತಲೆ ನೆಟ್ಟಗಿರಲಿ, ನಿಮ್ಮ ಹಣೆ ನೋಯದಿರಲಿ, ನನ್ನ ದನಿ ನಡುಗಿದರೂ ಕೊನೆಯ ಶಬ್ದದವರೆಗೆ ನಿಲ್ಲದಿರಲಿ ಎಂದು ಹರಸಿರಿ.

ನೋಡಿಕೊಳ್ಳಿ ಎಂದು ನನ್ನನ್ನು ಬೇರೆ ಯಾರ ಕೈಯಲ್ಲೂ ಇಡಬೇಡಿ ಎಂದು ಬೇಡುವ, ನಿಮ್ಮ ಮಗಳು,
ಸಂಯುಕ್ತಾ